ಡಬ್ಬಿ ಆಮೇಲೆ, ಮೊದಲು ತರಗೆಲೆ

ಮೈಸೂರಿನಲ್ಲಿರುವ ಅತ್ತಿಗೆ ಹೊಸ ಮನೆಗೆ ಹೋಗಿ ಎರಡು ತಿಂಗಳಾಗಿತ್ತು. ಮನೆಯ ಹಿಂದೆ ಎಂಟು ಅಡಿ ಅಗಲದ ಮಣ್ಣಿನ ಪಟ್ಟಿಯೊಂದು ಉಳಿದಿದೆ. ಅಲ್ಲಿ ಕರಿಬೇವು, ನುಗ್ಗೆ, ನಾಲ್ಕು ಬದನೆ ಗಿಡ ಹಾಕಬೇಕೆಂದು ಅವರಿಗೆ ಆಸೆ. ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು.

‘ಇಷ್ಟು ವರ್ಷದಿಂದ ಗೊಬ್ಬರ ಮಾಡ್ತಾ ಇದೀಯಲ್ಲ, ಒಂದು ಒಳ್ಳೆ ಕಾಂಪೋಸ್ಟ್ ಡಬ್ಬಿ ಹೇಳು. ಆನ್‌ಲೈನ್‌ನಲ್ಲಿ ನೋಡ್ತಾ ಕೂತ್ರೆ ತಲೆ ಕೆಟ್ಟುಹೋಗುತ್ತೆ.’

‘ಅತ್ತಿಗೆ, ನಿಮ್ಮ ಬೀದಿಯಲ್ಲಿ ಮರ ಇದೆಯಾ?’

‘ಡಬ್ಬಿ ಕೇಳಿದ್ರೆ ಮರ ಕೇಳ್ತೀಯಲ್ಲೋ!’

ಹಿಂದಿನಿಂದ ಅಮ್ಮನ ದನಿಯೂ ಕೇಳಿತು. ‘ದುಡ್ಡು ಕೊಟ್ಟು ತಿಪ್ಪೆ ತರ್ತಾರಂತೆ, ಕೇಳಿದ್ಯಾ?’

ಅಮ್ಮನ ಕೊಂಕಿಗೆ ಅರ್ಥವಿದೆ. ಈಗ ಪೇಟೆಯಲ್ಲಿ ಸಿಗುವ ಕಾಂಪೋಸ್ಟ್ ಡಬ್ಬಿಗಳು ಕೆಲವು ನೂರು ರೂಪಾಯಿಯ ಬಕೆಟ್‌ನಿಂದ ಶುರುವಾಗಿ ಹತ್ತಾರು ಸಾವಿರದ ವಿದ್ಯುತ್ ಯಂತ್ರದವರೆಗೆ ಹೋಗುತ್ತವೆ. ಎಲ್ಲದರ ಮೈಮೇಲೂ ಹಸಿರು ಎಲೆಯ ಚಿತ್ರ, ‘ವಾಸನೆಯಿಲ್ಲ, ಹುಳವಿಲ್ಲ, ಶ್ರಮವಿಲ್ಲ’ ಎಂಬ ಮಾತು. ನಾನು ಇವುಗಳಲ್ಲಿ ನಾಲ್ಕನ್ನು ಬೇರೆ ಬೇರೆ ಕಾಲದಲ್ಲಿ ಕೊಂಡು ತಂದವನು. ಬೆಂಗಳೂರಿನ ನಮ್ಮ ಮನೆಯ ಹಿತ್ತಿಲಿಗೆ ಬಂದರೆ ಅವುಗಳ ಈಗಿನ ಉದ್ಯೋಗ ಕಾಣಬಹುದು. ತಿರುಗುವ ಡ್ರಮ್ಮಿನಲ್ಲಿ ಗಿಡಕ್ಕೆ ನೀರು ಹಾಯಿಸುವ ಪೈಪು ಸುತ್ತಿಟ್ಟಿದ್ದೇವೆ. ನಲ್ಲಿಯಿರುವ ಬಕೆಟ್ಟು ಬಟ್ಟೆ ನೆನೆಸಲು ಬಳಕೆಯಾಗುತ್ತಿದೆ. ಎರೆಹುಳುವಿನ ತಟ್ಟೆಗಳಲ್ಲಿ ಸಸಿ ಮಡಿ ಮಾಡಿದ್ದೇವೆ. ಗೊಬ್ಬರದ ಕೆಲಸದಲ್ಲಿ ಇವತ್ತಿಗೂ ಉಳಿದಿರುವುದು ನಾಲ್ಕನೆಯದಾದ ಮೂರು ಮಣ್ಣಿನ ಮಡಕೆಗಳ ಜೋಡಣೆ ಮಾತ್ರ. ಅವುಗಳ ಪಕ್ಕದಲ್ಲಿ ಗೊಬ್ಬರದ ಡಬ್ಬಿ ಎಂದು ಯಾರೂ ಮಾರದ ಒಂದು ತಂತಿ ಜಾಲರಿಯ ಸುತ್ತೂ ಇದೆ.

ನಾನು ಹುಟ್ಟಿದ್ದು ಸಿದ್ದಾಪುರ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ಅಲ್ಲಿ ಅಡುಗೆಮನೆಯ ಹೊರಗೆ ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಬಾಳೆಕಾಯಿ ಸಿಪ್ಪೆ, ಸೌತೆಯ ತಿರುಳು, ಉಳಿದ ಗಂಜಿ ಎಲ್ಲ ಅದಕ್ಕೆ ಬೀಳುತ್ತಿದ್ದವು. ಸಂಜೆ ಅದು ದನದ ಹೊಟ್ಟೆಗೆ, ಮರುದಿನ ಸಗಣಿಯಾಗಿ ಕೊಟ್ಟಿಗೆಗೆ. ಕೊಟ್ಟಿಗೆಯಲ್ಲಿ ಬೆಟ್ಟದಿಂದ ತಂದ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ತರಗೆಲೆ, ಹಾಸಿರುತ್ತಿದ್ದರು. ದನ ತುಳಿದು ಒದ್ದೆಯಾದ ಆ ಹಾಸು ಗೊಬ್ಬರಗುಂಡಿ ಸೇರಿ ತಿಂಗಳುಗಟ್ಟಲೆ ಮಲಗಿದ ಮೇಲೆ ಅಡಿಕೆ ಮರದ ಬುಡಕ್ಕೆ. ಬ್ರಿಟಿಷರ ಕಾಲದಿಂದಲೂ ಉತ್ತರ ಕನ್ನಡದ ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಇದೆ. ಈ ಲೆಕ್ಕ ಕೇಳಿದವರಿಗೆ ಅತಿಯೆನ್ನಿಸಬಹುದು. ಆದರೆ ಒಂದು ಪಾಲು ತೋಟ ಉಣ್ಣಬೇಕಾದರೆ ಎಷ್ಟು ಪಾಲು ಎಲೆ ಬೇಕು ಎಂಬುದನ್ನು ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು.

ಪೇಟೆಗೆ ಬಂದ ನಾವು ಗುಂಡಿಯನ್ನು ಡಬ್ಬಿಯೊಳಗೆ ತಂದುಕೊಂಡೆವು, ಬೆಟ್ಟವನ್ನು ಊರಲ್ಲೇ ಬಿಟ್ಟು ಬಂದೆವು. ನಾನು ಕೊಂಡ ತಿರುಗುವ ಡ್ರಮ್ಮು ಸೋತದ್ದಕ್ಕೆ ಒಂದು ಕಾರಣ ಇದೇ.

ವಿಜ್ಞಾನದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕದ ಜೊತೆಗೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆಯ ಹಸಿಕಸದಲ್ಲಿ ಈ ಪ್ರಮಾಣ ಸಾಮಾನ್ಯವಾಗಿ ಒಂದಕ್ಕೆ 15–20ರ ಆಸುಪಾಸು. ಒಣ ಎಲೆಯಲ್ಲಿ ಒಂದಕ್ಕೆ 50, ಕೆಲವು ಮರದ್ದಾದರೆ ಇನ್ನೂ ಹೆಚ್ಚು. ಹಸಿಕಸವನ್ನು ಮಾತ್ರ ಡಬ್ಬಿಗೆ ತುಂಬಿದರೆ ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ. ಅದರ ಮೇಲೆ ತರಕಾರಿ ಸಿಪ್ಪೆಯೆಂದರೆ ಬಹುಪಾಲು ನೀರೇ. ಆ ನೀರನ್ನು ಹೀರಲು ಏನೂ ಇಲ್ಲದಿದ್ದರೆ ಗಾಳಿಯ ಸಂದುಗಳೆಲ್ಲ ಮುಚ್ಚಿ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಡಬ್ಬಿ ಯಾವ ಕಂಪನಿಯದಾದರೂ ಸರಿ, ಒಂದು ಪಾತ್ರೆ ಹಸಿಕಸಕ್ಕೆ ಒಂದರಿಂದ ಎರಡು ಪಾತ್ರೆ ಒಣ ಎಲೆ ಬೀಳದೆ ಅದು ಗೊಬ್ಬರ ಕೊಡದು. ಅತ್ತಿಗೆಯನ್ನು ಮರ ಕೇಳಿದ್ದು ಅದಕ್ಕೇ.

ಅವರ ಬೀದಿಯಲ್ಲಿ ಹೊಂಗೆ ಸಾಲಾಗಿ ಇದೆಯಂತೆ, ತಿರುವಿನಲ್ಲಿ ಒಂದು ಮಳೆಮರವೂ ಇದೆಯಂತೆ. ಪುಣ್ಯವಂತರು. ಮಳೆಮರದ ಎಲೆ ಚಿಕ್ಕದು, ಕತ್ತರಿಸುವ ಕೆಲಸವಿಲ್ಲ. ಮಾವು, ಹಲಸಿನ ಎಲೆ ಚರ್ಮದ ಹಾಗೆ, ಬೇಗ ಕರಗುವುದಿಲ್ಲ. ಕಾಲಲ್ಲಿ ತುಳಿದು ಪುಡಿ ಮಾಡಿಕೊಂಡರೆ ನಡೆಯುತ್ತದೆ. ಮರವೇ ಇಲ್ಲದ ಬಡಾವಣೆಯವರು ಹರಿದ ಪತ್ರಿಕೆ, ರಟ್ಟು, ತೆಂಗಿನ ನಾರಿನ ಪುಡಿ ಬಳಸಬಹುದು. ಮರ ಕೊಯ್ಯುವ ಕಾರ್ಖಾನೆಯ ಹೊಟ್ಟೂ ಆದೀತು, ಆದರೆ ಅದು ಪ್ಲೈವುಡ್ಡಿನದಾಗಿರಬಾರದು. ಬಸವನಗುಡಿ ಕಡೆಯವರಿಗೆ ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಇದೆ. ಆ ವಾರ ಮನೆಯಲ್ಲಿ ಬೀಳುವ ಸಿಪ್ಪೆಯನ್ನು ನಾವು ಒಂದು ಎಸಳೂ ಬಿಡದೆ ಚೀಲಕ್ಕೆ ತುಂಬುತ್ತೇವೆ.

ಇನ್ನು ಎರಡನೆಯ ಪ್ರಶ್ನೆ. ‘ಅತ್ತಿಗೆ, ವಾರಕ್ಕೊಮ್ಮೆ ಕಲಕೋರು ಯಾರು?’

‘ನಿಮ್ಮಣ್ಣ ಮಾಡ್ತಾರೆ ಅಂತಿಟ್ಕೊ.’

‘ಅಂದ್ರೆ ಯಾರೂ ಇಲ್ಲ ಅಂತ ಬರ್ಕೊಳ್ತೀನಿ.’

ಇದು ತಮಾಷೆಯ ಮಾತಾದರೂ ಡಬ್ಬಿಯ ಆಯ್ಕೆ ನಿಂತಿರುವುದು ಇದರ ಮೇಲೆ. ಗೊಬ್ಬರದ ಇತಿಹಾಸದಲ್ಲಿ ನಮ್ಮ ದೇಶದ ಎರಡು ಊರುಗಳ ಹೆಸರು ಜಗತ್ತಿಗೆಲ್ಲ ಗೊತ್ತು. ಒಂದು ಇಂದೋರ್, ಇನ್ನೊಂದು ಬೆಂಗಳೂರು. ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿದ್ದುಕೊಂಡು, ರೈತರ ರೂಢಿಗಳನ್ನು ನೋಡಿ ಕಲಿತು, ಒಂದು ಕ್ರಮ ರೂಪಿಸಿದ. ಬೆಳೆಯ ಕಸ, ಸಗಣಿ, ಗಂಜಲದ ಮಣ್ಣು ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ಎರಡು ತಿಂಗಳಲ್ಲಿ ಮೂರು ಸಲ ಮಗುಚಬೇಕು. ಗಾಳಿ ಸಿಕ್ಕ ರಾಶಿ ಕಾವೇರಿ, ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಯಶವಂತ ವಾಡ್ ಅವರ ಜೊತೆಗೂಡಿ 1931ರಲ್ಲಿ ಅವನು ಬರೆದ ಪುಸ್ತಕದಿಂದ ಇಂದೋರ್ ವಿಧಾನ ಜಗತ್ತಿನ ತೋಟಗಳಿಗೆಲ್ಲ ತಲುಪಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ಎನ್. ಆಚಾರ್ಯ 1939ರಲ್ಲಿ ಕೊಟ್ಟ ವಿಧಾನ ಇದಕ್ಕೆ ಪೂರ್ತಿ ತಿರುವು. ಅವರ ಮುಂದಿದ್ದದ್ದು ಹೊಲದ ಕಸವಲ್ಲ, ಪಟ್ಟಣದ ಕಸ ಮತ್ತು ಮಲ. ಅದನ್ನು ಮಗುಚುವವರು ಯಾರು? ಮಗುಚಿದರೆ ನೊಣ, ನಾತ. ಆದ್ದರಿಂದ ಕಂದಕ ತೋಡಿ, ಕಸ ಮತ್ತು ಮಲವನ್ನು ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಟ್ಟುಬಿಡುವುದು. ಮೊದಲ ಕೆಲವು ದಿನ ಉಳಿದಿರುವ ಗಾಳಿಯಲ್ಲಿ ಕಾವೇರುತ್ತದೆ, ಆಮೇಲೆ ಗಾಳಿಯಿಲ್ಲದೆಯೇ ನಿಧಾನ ಕೊಳೆಯುತ್ತದೆ. ಆರರಿಂದ ಎಂಟು ತಿಂಗಳು ಕಾಯಬೇಕು. ಆದರೆ ಕೈಕೆಲಸ ಕಡಿಮೆ, ಸಾರಜನಕದ ನಷ್ಟ ಕಡಿಮೆ, ಕೊನೆಗೆ ಸಿಗುವ ಗೊಬ್ಬರವೂ ಇಂದೋರಿನದಕ್ಕಿಂತ ಹೆಚ್ಚು. ಮಳೆ ಹೆಚ್ಚು ಬೀಳುವ ಕಡೆ ಮಾತ್ರ ಕಂದಕದಲ್ಲಿ ನೀರು ನಿಂತು ಕೆಡುತ್ತದೆ.

ಪೇಟೆಯಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳು ಈ ಎರಡರಲ್ಲಿ ಯಾವುದೋ ಒಂದು ವಂಶಕ್ಕೆ ಸೇರಿದವು. ತಿರುಗುವ ಡ್ರಮ್ಮು, ಮೈತುಂಬ ತೂತಿರುವ ಬುಟ್ಟಿ, ಜಾಲರಿಯ ಗೂಡು ಇಂದೋರಿನವು, ಕಲಕುವವರಿಗೆ ಹೇಳಿ ಮಾಡಿಸಿದವು. ತಳವಿಲ್ಲದೆ ಮಣ್ಣಿಗೆ ಊರಿದ ಡ್ರಮ್ಮು, ಕೊಳವೆ ಗೊಬ್ಬರ, ಹಿತ್ತಿಲ ಗುಂಡಿ ಬೆಂಗಳೂರಿನ ಕಡೆಯವು. ಇಲ್ಲಿ ಕಾಯುವ ತಾಳ್ಮೆ ಇದ್ದರೆ ಸಾಕು. ನಾನು ಇದನ್ನು ತಿಳಿಯದೆ, ಕಾಯುವ ಸ್ವಭಾವದವನು ಕಲಕುವ ಡಬ್ಬಿ ಕೊಂಡೆ.

ಆ ಡ್ರಮ್ಮಿನ ಕಥೆ ಹೇಳಿಬಿಡುತ್ತೇನೆ. ದಿನಕ್ಕೆರಡು ಸುತ್ತು ತಿರುಗಿಸಿ, ಆರು ವಾರದಲ್ಲಿ ಕರಿ ಬಂಗಾರ ತೆಗೆಯಿರಿ ಎಂದು ಅಂಗಡಿಯವನು ಹೇಳಿದ್ದ. ಮೊದಲ ವಾರ ಮಕ್ಕಳು ನಾ ಮುಂದು ತಾ ಮುಂದು ಎಂದು ತಿರುಗಿಸಿದರು. ಮೂರನೆಯ ವಾರಕ್ಕೆ ತೂಕ ಏರಿ ಅದು ಅಲುಗಾಡದಾಯಿತು. ಜೋರಾಗಿ ತಳ್ಳಿದರೆ ಒಳಗೆ ದಡಬಡ ಸದ್ದು. ತೆರೆದು ನೋಡಿದರೆ ರಾಗಿಮುದ್ದೆಯಂಥ ಉಂಡೆಗಳು. ಹೊರಮೈ ಒಣಗಿದೆ, ಒಡೆದರೆ ಒಳಗೆ ಹೊಲಸು. ಒಣ ಎಲೆ ಸಾಲದ ಹಸಿಕಸ ಉರುಳುತ್ತ ಉರುಳುತ್ತ ಉಂಡೆ ಕಟ್ಟಿತ್ತು. ಅರ್ಧ ತಪ್ಪು ನನ್ನದೇ. ಆದರೆ ಇನ್ನರ್ಧ ಆ ಡಬ್ಬಿಯ ಕಟ್ಟೋಣದಲ್ಲೇ ಇತ್ತು: ಅದರಲ್ಲಿದ್ದದ್ದು ಒಂದೇ ಕೋಣೆ.

ಒಂದೇ ಡಬ್ಬಿ ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಹೊಲದ ಕಸ ಒಮ್ಮೆಗೇ ಬರುತ್ತದೆ, ಒಮ್ಮೆಗೇ ರಾಶಿ ಹಾಕಬಹುದು. ಅಡುಗೆಮನೆಯ ಕಸ ದಿನವೂ ಬರುತ್ತದೆ. ನೆನ್ನೆಯ ಸಿಪ್ಪೆ ಗೊಬ್ಬರವಾಗುವ ಹಾದಿಯಲ್ಲಿರುವಾಗ ಅದರ ತಲೆಯ ಮೇಲೆ ಇವತ್ತಿನದನ್ನು ಸುರಿದರೆ ಆ ಡಬ್ಬಿ ಎಂದಿಗೂ ‘ಆಯಿತು’ ಅನ್ನುವ ಹಂತಕ್ಕೆ ಬರುವುದಿಲ್ಲ. ಒಂದು ತುಂಬುತ್ತಿರಬೇಕು, ಇನ್ನೊಂದು ಮಲಗಿರಬೇಕು. ದೋಸೆ ಹಿಟ್ಟಿಗೂ ನಾವು ಇದನ್ನೇ ಮಾಡುತ್ತೇವಲ್ಲ. ಹುದುಗುತ್ತಿರುವ ಪಾತ್ರೆಗೆ ಬೆಳಿಗ್ಗೆ ಎದ್ದು ಇನ್ನೊಂದು ಸೇರು ಅಕ್ಕಿ ಸುರಿಯುವುದಿಲ್ಲ.

ಹಾಗಾದರೆ ಎಷ್ಟು ದೊಡ್ಡದು? ನಾಲ್ಕು ಜನರ ನಮ್ಮ ಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕಿಲೋ ಹಸಿಕಸ ಬೀಳುತ್ತದೆ. ಅವರೆಕಾಯಿ ಕಾಲದಲ್ಲಿ ಇದಕ್ಕೆ ಲೆಕ್ಕವೇ ಇಲ್ಲ. ಒಂದು ಭಾನುವಾರದ ಹಿತಕಿದ ಬೇಳೆ ಸಾರಿಗೆ ಬೀಳುವ ಸಿಪ್ಪೆ ಇಡೀ ಬಕೆಟ್ಟು. ತಿಂಗಳಿಗೆ ಮೂವತ್ತು ಕಿಲೋ, ಅದರಷ್ಟೇ ಜಾಗ ತಿನ್ನುವ ಎಲೆ. ಕೇಳಿದರೆ ಡಬ್ಬಿಯಲ್ಲ, ಬಾವಿ ಬೇಕೆನ್ನಿಸುತ್ತದೆ. ಆದರೆ ಹಾಕಿದ್ದೆಲ್ಲ ಕುಸಿಯುತ್ತ ಹೋಗುತ್ತದೆ; ಮೊದಲ ವಾರ ಅಂಚಿಗೆ ಬಂದದ್ದು ಮೂರನೆಯ ವಾರಕ್ಕೆ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ನಾಲ್ಕು ಜನರಿಗೆ ಮೂವತ್ತೈದು ನಲವತ್ತು ಲೀಟರಿನ ಮೂರು ಪಾತ್ರೆ ಅಥವಾ ನೂರು ಲೀಟರಿನ ಎರಡು ಡ್ರಮ್ಮು ಸಾಕು. ಇಬ್ಬರೇ ಇರುವ ಮನೆಗೆ ಪೇಂಟಿನ 20 ಲೀಟರ್ ಬಕೆಟ್ಟು ಮೂರು ತಂದು, ಮೈಗೆ ನಾಲ್ಕೈದು ಮಿಲಿಮೀಟರ್ ತೂತು ಕೊರೆಸಿಕೊಂಡರೆ ಆಯಿತು. ತೂತು ದೊಡ್ಡದಾದಷ್ಟೂ ನೊಣ ಒಳಗೆ ಹೋಗುವುದು ಸುಲಭ. ಬಾಯಿ ಅಗಲವಿರಲಿ, ಮೊಣಕೈವರೆಗೆ ಕೈ ಇಳಿಯುವಷ್ಟು. ಚಂದದ ಸಣ್ಣ ಬಾಯಿಯ ಡಬ್ಬಿಗೆ ಹಾಕುವುದು ಸುಲಭ, ತೆಗೆಯುವಾಗ ಗೊತ್ತಾಗುತ್ತದೆ ಪಾಡು.

ಮಣ್ಣಿನ ಮಡಕೆಗೆ ಬರೋಣ. ಒಂದರ ಮೇಲೊಂದು ಕೂರುವ ಮೂರು ಸುಟ್ಟ ಮಣ್ಣಿನ ಪಾತ್ರೆಗಳ ಈ ವಿನ್ಯಾಸವನ್ನು ಬೆಂಗಳೂರಿನಲ್ಲಿ ಮನೆಮನೆಗೆ ತಂದವರು ಪೂನಂ ಬೀರ್ ಕಸ್ತೂರಿ. ವಿನ್ಯಾಸಕಿಯಾದ ಅವರು 2006ರಲ್ಲಿ ‘ಡೈಲಿ ಡಂಪ್’ ಸಂಸ್ಥೆ ಶುರು ಮಾಡಿದಾಗ ಅಡುಗೆಮನೆಯ ಕಸವನ್ನು ಬಾಲ್ಕನಿಯಲ್ಲಿಟ್ಟುಕೊಳ್ಳಿ ಎಂದರೆ ಮೂಗು ಮುಚ್ಚುವವರೇ ಹೆಚ್ಚಿದ್ದರು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿತು, ನಗರದ ಕಸ ಸುರಿಯುತ್ತಿದ್ದ ಮಂಡೂರಿನ ಜನ ಲಾರಿ ತಡೆದು ಕುಳಿತರು, ಬೆಂಗಳೂರಿನ ಬೀದಿ ಬೀದಿಯಲ್ಲಿ ಕಸ ಕೊಳೆಯಿತು. 2015ರ ಕೊನೆಯಲ್ಲಿ ಮನೆಯಲ್ಲೇ ಕಸ ವಿಂಗಡಿಸುವ ‘ಎರಡು ಬುಟ್ಟಿ ಒಂದು ಚೀಲ’ದ ಕ್ರಮವನ್ನು ಹೈಕೋರ್ಟ್ ಕಡ್ಡಾಯ ಮಾಡಿತು. ಆ ಮೂರು ನಾಲ್ಕು ವರ್ಷಗಳಲ್ಲಿ ಮೂಗು ಮುಚ್ಚುತ್ತಿದ್ದವರೇ ಮಡಕೆ ಕೇಳಿಕೊಂಡು ಬಂದರು. ನಾನೂ ಅವರಲ್ಲೊಬ್ಬ.

ಮಡಕೆಯ ಗುಟ್ಟು ಅದರ ಗೋಡೆಯಲ್ಲಿದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಹೂಜಿ ಹೇಗೆ ಬೆವರುತ್ತದೋ ಹಾಗೆಯೇ ಗೊಬ್ಬರದ ಮಡಕೆಯೂ ಬೆವರುತ್ತದೆ. ಹೆಚ್ಚಾದ ತೇವ ಗೋಡೆಯ ಮೂಲಕ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಲೆ ಕಡಿಮೆಯಾದರೆ ಮೂರೇ ದಿನಕ್ಕೆ ನಾತ. ಮಡಕೆ ಒಂದು ವಾರದ ಸೋಮಾರಿತನವನ್ನು ಕ್ಷಮಿಸುತ್ತದೆ. ದಿನದ ಕಸ ಮೇಲಿನ ಮಡಕೆಗೆ, ಅದರ ಮೇಲೆ ಎರಡು ಬೊಗಸೆ ಎಲೆಪುಡಿ. ಅದು ತುಂಬಿದರೆ ನಡುವಿನದಕ್ಕೂ ಅದಕ್ಕೂ ಜಾಗ ಬದಲು. ಎರಡೂ ತುಂಬಿದಾಗ ಹಳೆಯದನ್ನು ಕೆಳಗಿನ ಮಡಕೆಗೆ ಸುರಿದು ಮಾಗಲು ಬಿಡುವುದು. ಶುರುವಿನಲ್ಲಿ ಒಂದು ಬೊಗಸೆ ಹಳೆಯ ಗೊಬ್ಬರ, ಸಗಣಿ ಬಗ್ಗಡ ಅಥವಾ ಹುಳಿ ಮಜ್ಜಿಗೆ ಚಿಮುಕಿಸಿದರೆ ಸಾಕು; ಹಾಲಿಗೆ ಹೆಪ್ಪು ಹಾಕಿದ ಹಾಗೆ. ಡಬ್ಬಿಯ ಜೊತೆಗೆ ತಿಂಗಳು ತಿಂಗಳು ಕೊಳ್ಳಬೇಕು ಎನ್ನುವ ಪುಡಿ ಪೊಟ್ಟಣಗಳಿಲ್ಲದೆ ನಮ್ಮ ಮನೆಯಲ್ಲಿ ವರ್ಷಗಳೇ ಕಳೆದಿವೆ.

ಮಡಕೆಗೂ ದೋಷವುಂಟು. ತುಂಬಿದ ಮಡಕೆ ಎತ್ತಿ ಇಳಿಸುವುದು ಅರವತ್ತು ದಾಟಿದವರ ಸೊಂಟಕ್ಕೆ ಹೇಳಿದ್ದಲ್ಲ. ಬೆಕ್ಕು ಜಿಗಿದು ಮುಚ್ಚಳ ಬಿದ್ದು ನಮ್ಮದು ಎರಡು ಸಲ ಒಡೆದಿದೆ. ಬೆಂಗಳೂರು, ಮೈಸೂರಿನ ಹವೆಗೆ ಅದು ಹೇಳಿ ಮಾಡಿಸಿದಂತಿದ್ದರೂ ಎಲ್ಲ ಊರಿಗೂ ಅಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಬೆವರುವ ಮಡಕೆ ಒಳಗಿನದನ್ನು ಹಪ್ಪಳದ ಹಾಗೆ ಒಣಗಿಸಿಬಿಡುತ್ತದೆ. ಒಣಗಿದರೆ ಕೊಳೆಯುವುದು ನಿಂತಿತು. ಅಲ್ಲಿಯವರು ನೆರಳಿನ ಗುಂಡಿಯನ್ನೋ ತೂತು ಕಡಿಮೆಯಿರುವ ಪ್ಲಾಸ್ಟಿಕ್ ಡ್ರಮ್ಮನ್ನೋ ಆರಿಸಬೇಕು. ಆಚಾರ್ಯರ ಕಂದಕ ಅಂಥ ಒಣ ಸೀಮೆಗೆ ಸರಿಯಾಗಿ ಒಪ್ಪುತ್ತದೆ.

ಕರಾವಳಿಯ ಪಾಡು ಇದಕ್ಕೆ ವಿರುದ್ಧ. ಮಂಗಳೂರು, ಉಡುಪಿಯ ಆಷಾಢ ಶ್ರಾವಣದಲ್ಲಿ ಗೋಡೆಯೇ ಬೆವರುತ್ತದೆ, ಮಡಕೆ ಬೆವರಿ ಏನು ಮಾಡೀತು. ಅಲ್ಲಿ ಚಾಲ್ತಿಯಲ್ಲಿರುವುದು ಕೊಳವೆ ಗೊಬ್ಬರ. ಎಂಟು ಅಂಗುಲದ ಪಿವಿಸಿ ಪೈಪಿನ ನಾಲ್ಕಡಿ ತುಂಡು ಎರಡು, ಅಂಗಳದ ಮೂಲೆಯಲ್ಲಿ ಒಂದೊಂದನ್ನೂ ಅಡಿಯಷ್ಟು ಆಳಕ್ಕೆ ನೆಟ್ಟಗೆ ಹೂಳಿ, ಮೇಲೆ ಮುಚ್ಚಳ. ಒಂದು ತುಂಬಿದ ಮೇಲೆ ಇನ್ನೊಂದು. ಹೆಚ್ಚಾದ ನೀರು ನೆಲಕ್ಕೆ ಇಂಗುತ್ತದೆ, ಮಳೆ ಒಳಗೆ ಇಳಿಯುವುದಿಲ್ಲ, ನಾಯಿ ಮೂಸುವುದಿಲ್ಲ. ನೋಡಲು ಅಂದವೇನಿಲ್ಲ. ಆದರೆ ತಳವಿಲ್ಲದಿರುವುದು, ಜೋಡಿಯಿರುವುದು, ಅಗ್ಗವಾಗಿರುವುದು ಎಲ್ಲ ಸೇರಿ ನೋಡಿದರೆ ಅಂಗಡಿಯ ಎಷ್ಟೋ ಡಬ್ಬಿಗಿಂತ ಜಾಣ ಸಾಧನ ಅದು. ಮೀನಿನ ಕಸವನ್ನು ಮಾತ್ರ ಯಾವ ಡಬ್ಬಿಗೂ ಹಾಕದೆ ತೆಂಗಿನ ಬುಡದಲ್ಲಿ ಆಳಕ್ಕೆ ಹೂಳುವುದೇ ಸರಿ.

ನಲ್ಲಿಯಿರುವ ಬಕೆಟ್ಟಿನ ಬಗ್ಗೆ ಎರಡು ಮಾತು. ಬೊಕಾಶಿ ಎಂದು ಅದಕ್ಕೆ ಹೆಸರು. ಜಪಾನಿನ ಒಕಿನಾವಾದ ರ್ಯೂಕ್ಯೂ ವಿಶ್ವವಿದ್ಯಾಲಯದಲ್ಲಿದ್ದ ತೆರುಒ ಹಿಗಾ 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ಸೂಕ್ಷ್ಮಜೀವಿ ಮಿಶ್ರಣದಿಂದ ಬೆಳೆದ ಪದ್ಧತಿ. ಗಾಳಿಯಾಡದಂತೆ ಮುಚ್ಚಿ, ಆ ಮಿಶ್ರಣ ಸೇರಿದ ತೌಡಿನ ಪುಡಿ ಉದುರಿಸಿ, ಎರಡು ವಾರ ಬಿಡಬೇಕು. ತೆರೆದಾಗ ಸಿಪ್ಪೆ ಸಿಪ್ಪೆಯಾಗಿಯೇ ಇರುತ್ತದೆ, ಹುಳಿ ವಾಸನೆ ಬರುತ್ತಿರುತ್ತದೆ. ಮಿಡಿ ಉಪ್ಪಿನಕಾಯಿ ಹಾಕುವ ಮನೆಯಿಂದ ಬಂದವನಿಗೆ ಇದು ಮೊದಲೇ ಹೊಳೆಯಬೇಕಿತ್ತು: ಬೊಕಾಶಿ ಎಂದರೆ ಕಸದ ಉಪ್ಪಿನಕಾಯಿ, ಗೊಬ್ಬರವಲ್ಲ. ಅದನ್ನು ಮತ್ತೆ ಮಣ್ಣಿನಲ್ಲಿ ಹೂಳಿ ಕೆಲವು ವಾರ ಕಾಯಬೇಕು. ಮಣ್ಣಿದ್ದವರಿಗೆ ಅಡ್ಡಿಯಿಲ್ಲ, ಮೂರನೆಯ ಮಹಡಿಯವರಿಗೆ ಅರ್ಧ ದಾರಿಯಲ್ಲಿ ಇಳಿಸಿಹೋದ ಬಸ್ಸು.

ಎರೆಹುಳು ಸಾಕುವುದು ದನ ಸಾಕಿದ ಹಾಗೆ. ಗೊಬ್ಬರ ಮೇಲ್ತರಗತಿಯದು, ಒಪ್ಪಬೇಕು. ಆದರೆ ನಿಂಬೆಸಿಪ್ಪೆ, ಹುಣಸೆ, ಮೆಣಸಿನಕಾಯಿ, ಉಪ್ಪು ಹಾಕಿದ ಪಲ್ಯ ಅವಕ್ಕೆ ಆಗದು; ನಮ್ಮ ಅಡುಗೆಮನೆಯಲ್ಲಿ ಇವನ್ನು ಬಿಟ್ಟರೆ ಉಳಿಯುವುದೇನು? ಬಿಸಿಲು ಏರಿದರೆ ಸಾಯುತ್ತವೆ. ಒಂದು ಏಪ್ರಿಲ್‌ನಲ್ಲಿ ನಾವು ಊರಿಗೆ ಹೋಗಿ ಬರುವಷ್ಟರಲ್ಲಿ ನಮ್ಮವು ಮುಗಿದಿದ್ದವು. ಆ ಬೇಸರಕ್ಕೆ ಮತ್ತೆ ತರಲಿಲ್ಲ. ತಳವಿಲ್ಲದ ಡಬ್ಬಿಯನ್ನು ಮಣ್ಣಿನ ಮೇಲೆ ಇಟ್ಟರೆ ಊರಿನ ಎರೆಹುಳುಗಳು ಕರೆಯದೆಯೂ ಬರುತ್ತವೆ, ಬೇಡವೆನ್ನಿಸಿದಾಗ ಹೋಗುತ್ತವೆ.

ವಿದ್ಯುತ್ ಯಂತ್ರ? ಕೆಲವೇ ಗಂಟೆಗಳಲ್ಲಿ ಗೊಬ್ಬರ ಕೊಡುತ್ತೇವೆನ್ನುವ ಬಹುಪಾಲು ಮನೆಬಳಕೆಯ ಯಂತ್ರಗಳು ಮಾಡುವುದು ಕಸವನ್ನು ಕಾಯಿಸಿ, ಒಣಗಿಸಿ, ಪುಡಿ ಮಾಡುವುದನ್ನು. ಆ ಪುಡಿಗೆ ನೀರು ತಾಗಿಸಿ ನೋಡಿ, ಎರಡೇ ದಿನಕ್ಕೆ ಬೂಸಲು ಹತ್ತುತ್ತದೆ. ನಾನು ಕೊಳ್ಳುವುದಿಲ್ಲ.

ಈಗ ಹುಳದ ವಿಷಯ. ಮಡಕೆ ತಂದ ಎಲ್ಲರೂ ಮೂರನೆಯ ವಾರಕ್ಕೆ ಫೋಟೊ ಕಳಿಸುತ್ತಾರೆ, ಕೆಳಗೆ ಅಳುವ ಮುಖದ ಚಿತ್ರ. ಬೂದು ಬಣ್ಣದ, ಅರ್ಧ ಅಂಗುಲದ, ಗಟ್ಟಿ ಮೈಯ ಮರಿಹುಳುಗಳು ನೂರಾರು ಮಿಜಿಗುಡುತ್ತಿದ್ದರೆ ಅವು ಕಪ್ಪು ಸೈನಿಕ ನೊಣದವು. ಆ ನೊಣ ದೊಡ್ಡದಾದ ಮೇಲೆ ಊಟದ ತಟ್ಟೆಗೆ ಕೂರುವ ಜಾತಿಯಲ್ಲ, ರೋಗ ಹೊತ್ತು ತರುವುದಿಲ್ಲ. ಮರಿಹುಳು ಮಾತ್ರ ಬಕಾಸುರ. ನಾವು ತಿಂಗಳು ಕಾಯುವುದನ್ನು ವಾರದಲ್ಲಿ ಮುಗಿಸುತ್ತದೆ. ಕಸ ತೀರಾ ಹಸಿಯಾಗಿದೆ ಎಂದು ಹೇಳಲೂ ಅವು ಬಂದಿರುತ್ತವೆ. ನೋಡಲಾಗದಿದ್ದರೆ ಎಲೆ ಹೆಚ್ಚಿಸಿ, ಮೇಲೆ ದಪ್ಪ ಹಾಸು ಹೊದಿಸಿ. ಅತ್ತಿಗೆಯ ಮನೆಯ ಮೈನಾ ಹಕ್ಕಿಗಳಿಗೆ ಈಗ ಇದೇ ಬೆಳಗಿನ ತಿಂಡಿಯಂತೆ.

ಹೌದು, ಅತ್ತಿಗೆ ಕೊನೆಗೆ ಏನು ಕೊಂಡರು ಎಂದು ಹೇಳಲಿಲ್ಲ. ಕಲಕುವವರಿಲ್ಲ, ಮಣ್ಣಿದೆ, ಮರವಿದೆ, ಮಳೆ ಮಿತವಾಗಿದೆ. ಗುಜರಿ ಅಂಗಡಿಯಿಂದ ನೂರು ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ಮು ತಂದರು. ರಾಸಾಯನಿಕ ತುಂಬಿದ್ದನ್ನು ಬಿಟ್ಟು ಹಣ್ಣಿನ ರಸದ್ದನ್ನೇ ಹುಡುಕಿ ತಂದದ್ದು ಅಣ್ಣ. ಅಷ್ಟಾದರೂ ಮಾಡಿದ. ತಳ ಕೊಯ್ದು, ಗೇಣುದ್ದ ಮಣ್ಣಿಗೆ ಊರಿ, ಹೆಗ್ಗಣ ಕೆಳಗಿನಿಂದ ಕೊರೆಯದಂತೆ ಅಡಿಯಲ್ಲಿ ಅರ್ಧ ಅಂಗುಲದ ವೆಲ್ಡ್‌ಮೆಶ್ ಹಾಸಿದರು. ಈ ಜಾಲರಿಯನ್ನು ಮರೆತವರು ಒಂದು ಬೆಳಿಗ್ಗೆ ತೋಟದ ತುಂಬ ಬಿಲ ಕಾಣುತ್ತಾರೆ. ಎಲೆ ಶೇಖರಿಸಲು ಅದೇ ಮೆಶ್‌ನ ಮೂರಡಿ ಎತ್ತರದ ಸುತ್ತು. ಹೊಸ ಕಾಂಪೋಸ್ಟ್ ಡಬ್ಬಿ ಎಂದು ಅಂಗಡಿಯಿಂದ ಒಂದನ್ನೂ ತರಲಿಲ್ಲ.

ಅಮ್ಮ ಮೊದಲು ಮುಸುರೆ ಡ್ರಮ್ಮು ಎಂದು ದೂರ ನಿಂತಿದ್ದಳು. ಅತ್ತಿಗೆ ದಿನವೂ ದೇವರ ನಿರ್ಮಾಲ್ಯವನ್ನೂ ಕಾಫಿ ಗಷ್ಟನ್ನೂ ಅದಕ್ಕೇ ಹಾಕುವುದು ನೋಡಿ, ಮುಸುರೆಯ ಜೊತೆ ಹೂವು ಬೇಡವೆಂದು ಎರಡನೆಯ ಡ್ರಮ್ಮನ್ನು ತನ್ನದು ಮಾಡಿಕೊಂಡಳು. ಒಂದು ತುಂಬುವಾಗ ಇನ್ನೊಂದು ಮಲಗಿರಬೇಕು ಎಂಬ ನನ್ನ ಸಿದ್ಧಾಂತ ಅಲ್ಲಿಗೆ ಮಣ್ಣುಪಾಲಾಯಿತು. ಮೂರನೆಯ ಡ್ರಮ್ಮು ತಂದಿದ್ದಾರೆ. ಬಯಲುಸೀಮೆಯ ಹಳ್ಳಿಗಳಲ್ಲಿ ದೀಪಾವಳಿಗೆ ತಿಪ್ಪೆಯ ಮೇಲೂ ದೀಪ ಇಡುತ್ತಾರೆ, ಮಕ್ಕಳಿಗೆ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂದು ಹೆಸರಿಡುತ್ತಾರೆ ಎಂದು ಅಮ್ಮನಿಗೆ ಯಾರೋ ಹೇಳಿದರಂತೆ. ಕಳೆದ ಬಲಿಪಾಡ್ಯದ ಸಂಜೆ ಡ್ರಮ್ಮಿನ ಮುಚ್ಚಳದ ಮೇಲೂ ಒಂದು ಹಣತೆ ಇತ್ತು.

ಐದನೆಯ ತಿಂಗಳಿಗೆ ಮೊದಲ ಡ್ರಮ್ಮು ಎತ್ತಿದರು. ಆಗಿದೆಯೋ ಇಲ್ಲವೋ ತಿಳಿಯಲು ಒಂದು ಹಿಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಟ್ಟು ಮೂಸಿ ನೋಡಬೇಕು. ಹುಳಿ ನಾತ ಬಂದರೆ ಇನ್ನೂ ಕಾಯಬೇಕು. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು. ಆ ಮಳೆಯ ವಾಸನೆಗೂ ಮಾಗಿದ ಗೊಬ್ಬರದ ವಾಸನೆಗೂ ಕಾರಣ ಒಂದೇ, ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜ್ಯೋಸ್ಮಿನ್ ಎಂಬ ವಸ್ತು. ಜರಡಿ ಹಿಡಿದರೆ ತೆಂಗಿನ ನಾರು, ಮಾವಿನ ಗೊರಟೆ, ಕರಿಬೇವಿನ ಕಡ್ಡಿ ಮೇಲೆ ಉಳಿಯುತ್ತವೆ, ಅವನ್ನು ಮತ್ತೆ ಡ್ರಮ್ಮಿಗೆ. ಗಿಡಕ್ಕೆ ಹಾಕಿದ ಹದಿನೈದು ದಿನಕ್ಕೆ ಬದನೆಯ ಬುಡದಲ್ಲಿ ಟೊಮೆಟೊ, ಪಪ್ಪಾಯಿ ಸಸಿಗಳು ಎದ್ದಿದ್ದವು. ಅದು ತಪ್ಪಲ್ಲ. ಬೀಜ ಸಾಯುವಷ್ಟು, ಅಂದರೆ 55 ಡಿಗ್ರಿ ಸೆಲ್ಸಿಯಸ್ ದಾಟಿ, ಕಾವೇರಬೇಕಾದರೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರಿನ ರಾಶಿ ಬೇಕು. ಮನೆಯ ಡಬ್ಬಿ ಅಷ್ಟು ಬಿಸಿಯಾಗುವುದಿಲ್ಲ, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ. ಅತ್ತಿಗೆ ಆ ಪಪ್ಪಾಯಿಯಲ್ಲಿ ಎರಡನ್ನು ಉಳಿಸಿಕೊಂಡಿದ್ದಾರೆ.

ಹೊಂಗೆ ಎಲೆ ಉದುರಿಸುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಯುಗಾದಿಯ ಹೊತ್ತಿಗೆ ಅದು ಹೊಸ ಚಿಗುರು ತೊಟ್ಟಿರುತ್ತದೆ, ಬೀದಿ ಬರಿದಾಗಿರುತ್ತದೆ. ಜೂನ್ ಜುಲೈ ತಿಂಗಳಲ್ಲಿ, ಡಬ್ಬಿಗೆ ಒಣ ಎಲೆ ತೀರಾ ಬೇಕಾದಾಗ, ಎಲ್ಲಿಯೂ ಒಂದು ಹಿಡಿ ಸಿಗುವುದಿಲ್ಲ. ಡಬ್ಬಿಯ ಅಂಗಡಿ ವರ್ಷವಿಡೀ ತೆರೆದಿರುತ್ತದೆ. ನಾಲ್ಕು ಖಾಲಿ ಗೋಣಿಚೀಲ ಹುಡುಕಿಟ್ಟು, ನಿಮ್ಮ ಬೀದಿ ಗುಡಿಸುವವರಿಗೆ ಒಂದು ಮಾತು ಹೇಳಿಡಿ: ಈ ಸಲ ಎಲೆಗೆ ಬೆಂಕಿ ಇಡಬೇಡಿ, ನಮ್ಮ ಗೇಟಿನ ಹತ್ತಿರ ಇಟ್ಟುಹೋಗಿ ಎಂದು.